ಬಾಣಬಿರುಸು ನೋಡಲು ಪಾತ್ರೆ ತುಂಬಿಕೊಂಡು ಹೋಗಿ

ನಿಮ್ಮ ಪತ್ರ ಬಂದು ಒಂದು ವಾರವಾಯಿತು. ಕಬ್ಬು ಕಡಿಯುವ ಕಾಲ ಹತ್ತಿರ ಬಂದರೆ ನಮ್ಮ ಮನೆಯಲ್ಲಿ ಯಾರಿಗೂ ಬಿಡುವಿರುವುದಿಲ್ಲ. ನಮ್ಮವರು ಕಬ್ಬಿನ ರಸ ಪರೀಕ್ಷೆ ಮಾಡುವ ಲ್ಯಾಬಿನಲ್ಲಿದ್ದಾರೆ. ಅದಕ್ಕೇ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡಿ.

ನಿಮ್ಮ ಯಜಮಾನರಿಗೆ ನಾವಿರುವ ಈ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಕೆಲಸ ಸಿಕ್ಕಿದೆ. ಜೂನ್ ಕೊನೆಗೆ ಏಳು ವರ್ಷದ ಮಗಳನ್ನು ಕರೆದುಕೊಂಡು ದಾವಣಗೆರೆಯಿಂದ ಹೊರಡುತ್ತೀರಿ. ಬಂದು ಎರಡು ವಾರ ಆಗುವಷ್ಟರಲ್ಲಿ ಜುಲೈ 14. ನೀವು ಕೇಳಿದ್ದು ಮೂರು ಮಾತು. ಒಂದು, ಫ್ರಾನ್ಸ್ ದೇಶದ ಈ ರಾಷ್ಟ್ರೀಯ ಹಬ್ಬವನ್ನು ಅಷ್ಟು ದೂರದ ದ್ವೀಪದಲ್ಲಿ ಯಾರಾದರೂ ಮಾಡುತ್ತಾರಾ? ಎರಡು, ಪಟಾಕಿ ನೋಡಬೇಕು ಅಂತ ಮಗಳು ಈಗಲೇ ಕುಣಿಯುತ್ತಿದ್ದಾಳೆ, ಎಲ್ಲಿಗೆ ಹೋಗಬೇಕು? ಮೂರನೆಯದು ನನಗೆ ಬಹಳ ಹಿಡಿಸಿತು: "ನಾವು ಹೋದರೆ, ಕರೆಯದೆ ಮದುವೆಗೆ ಹೋದ ಹಾಗೆ ಆಗುವುದಿಲ್ಲವಾ?"

ಮೊದಲ ಎರಡಕ್ಕೆ ಬೇಗ ಉತ್ತರ ಹೇಳಬಹುದು. ಮೂರನೆಯದಕ್ಕೆ ಇಲ್ಲಿ ಕಳೆದ ನನ್ನ ಹದಿನಾಲ್ಕು ವರ್ಷದ ಕಥೆಯನ್ನೇ ಸ್ವಲ್ಪ ಹೇಳಬೇಕಾಗುತ್ತದೆ.

ಮಾಡುತ್ತಾರೆ, ಜೋರಾಗಿಯೇ ಮಾಡುತ್ತಾರೆ. ಇದು ಫ್ರಾನ್ಸಿನ ಕೈಕೆಳಗಿನ ಯಾವುದೋ ದ್ವೀಪ ಅಂತ ಅಂದುಕೊಂಡಿದ್ದರೆ ಅದನ್ನು ತಲೆಯಿಂದ ತೆಗೆದುಬಿಡಿ. 1946ರಿಂದ ಇದು ಫ್ರಾನ್ಸಿನದೇ ಒಂದು ಜಿಲ್ಲೆ. ನೋಟು ಯೂರೋ, ಪೊಲೀಸರ ಬಟ್ಟೆ ಅದೇ, ಅಂಚೆ ಡಬ್ಬಿ ಅದೇ ಹಳದಿ. ಪ್ಯಾರಿಸ್ಸಿನಿಂದ ಹನ್ನೊಂದು ಗಂಟೆ ವಿಮಾನದಲ್ಲಿ ಕೂತರೂ ಇಳಿಯುವುದು ಫ್ರಾನ್ಸಿನಲ್ಲೇ. ಒಂದೇ ಒಂದು ವಿಚಾರ ಮಾತ್ರ ಬೇರೆ: ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪ್ ದೇಶಗಳ ಕೂಟ ಇದೆಯಲ್ಲ, ಷೆಂಗೆನ್ ಅಂತ, ಈ ದ್ವೀಪ ಅದರ ಒಳಗಿಲ್ಲ. ನಿಮ್ಮ ವೀಸಾ ಕಾಗದದಲ್ಲಿ ರಿಯೂನಿಯನ್ ಹೆಸರು ಇದೆಯಾ ಅಂತ ಹೊರಡುವ ಮೊದಲೇ ನೋಡಿಕೊಳ್ಳಿ. ಇಲ್ಲಿಗೆ ಬಂದು ನೋಡಿಕೊಳ್ಳುವ ವಿಷಯವಲ್ಲ ಅದು.

ಇನ್ನೊಂದು ಸಣ್ಣ ಮಾತು. ಇಲ್ಲಿ ಯಾರ ಹತ್ತಿರವೂ "ಬ್ಯಾಸ್ಟಿಲ್ ಡೇ" ಅನ್ನಬೇಡಿ. ಅದು ಇಂಗ್ಲಿಷಿನವರು ಇಟ್ಟ ಹೆಸರು, ಇಲ್ಲಿ ಯಾರ ಬಾಯಲ್ಲೂ ಬರುವುದಿಲ್ಲ. "ಕತೋರ್ಜ್ ಜ್ವೀಯೆ" ಅನ್ನುತ್ತಾರೆ, ಅಂದರೆ ಜುಲೈ ಹದಿನಾಲ್ಕು, ಅಷ್ಟೇ. ನಾವು ಆಗಸ್ಟ್ ಹದಿನೈದು ಅನ್ನುವುದಿಲ್ಲವಾ, ಹಾಗೆ.

ಈಗ ನನ್ನ ಮೊದಲ ವರ್ಷದ ಪೆದ್ದುತನ ಹೇಳುತ್ತೇನೆ. ಅದರಿಂದಲೇ ನಿಮಗೆ ಜಾಸ್ತಿ ಉಪಯೋಗ.

ಬರುವ ಮೊದಲು ನಾನು ಪ್ಯಾರಿಸ್ಸಿನ ವಿಡಿಯೋ ಎಲ್ಲಾ ನೋಡಿದ್ದೆ. ಐಫೆಲ್ ಗೋಪುರದ ಹತ್ತಿರ ರಾತ್ರಿ ಹನ್ನೊಂದರ ಹೊತ್ತಿಗೆ ಬಾಣಬಿರುಸು. ಸರಿ, ಇಲ್ಲೂ ಹಾಗೇ ಇರುತ್ತದೆ ಅಂದುಕೊಂಡೆ. 14ನೇ ತಾರೀಕು ರಾತ್ರಿ ಮನೆಯಲ್ಲಿ ಮುದ್ದೆ ಸಾರು ಉಂಡು, ಪಾತ್ರೆ ತೊಳೆದಿಟ್ಟು, ಒಂಬತ್ತೂವರೆಗೆ ಸಮುದ್ರದ ದಂಡೆಗೆ ಹೊರಟೆವು. ನನ್ನ ಹತ್ತಿರ ಇದ್ದ ಒಂದೇ ರೇಷ್ಮೆ ಸೀರೆ ಹಬ್ಬಕ್ಕೆ ಅಂತ ಉಟ್ಟಿದ್ದೆ. ಹೋಗಿ ನೋಡಿದರೆ ಜನವೇ ಇಲ್ಲ. ಇಬ್ಬರು ಪೌರಕಾರ್ಮಿಕರು ಖಾಲಿ ಬಾಟಲಿ ಹೆಕ್ಕುತ್ತಿದ್ದರು. ನಾಯಿಯೊಂದು ಕಾಗದದ ತಟ್ಟೆ ನೆಕ್ಕುತ್ತಿತ್ತು. ಬಾಣಬಿರುಸು ಎರಡು ಗಂಟೆ ಮೊದಲೇ ಮುಗಿದಿತ್ತು!

ಕಾರಣ ಬಹಳ ಸರಳ. ಪ್ಯಾರಿಸ್ಸಿನಲ್ಲಿ ಜುಲೈ ಅಂದರೆ ಬೇಸಿಗೆ, ಸೂರ್ಯ ಮುಳುಗುವುದೇ ರಾತ್ರಿ ಹತ್ತರ ಹತ್ತಿರ. ಕತ್ತಲಾಗಲಿ ಅಂತ ಅವರು ಹನ್ನೊಂದರವರೆಗೆ ಕಾಯಲೇಬೇಕು. ನಾವಿರುವುದು ಸಮಭಾಜಕ ರೇಖೆಯ ಕೆಳಗೆ. ಇಲ್ಲಿ ಜುಲೈ ಅಂದರೆ ಚಳಿಗಾಲ. ಸಂಜೆ ಆರಕ್ಕೆಲ್ಲ ಕತ್ತಲು ಕವಿಯುತ್ತದೆ. ಏಳು, ಏಳೂವರೆ, ಎಂಟು, ಅಷ್ಟರಲ್ಲಿ ಎಲ್ಲಾ ಶುರುವಾಗಿಬಿಡುತ್ತದೆ. ಒಂಬತ್ತಕ್ಕೆ ಇಲ್ಲಿಯ ಅರ್ಧ ಊರು ಮಲಗಿರುತ್ತದೆ. ಇಲ್ಲಿಯವರು ಬೆಳಿಗ್ಗೆ ಐದಕ್ಕೇ ಏಳುವ ಜನ. ನಮ್ಮ ಹಳ್ಳಿಯವರ ಹಾಗೆ.

ಆ ರಾತ್ರಿ ನಾವಿಬ್ಬರೂ ಪೆಚ್ಚಾಗಿ ನಿಂತಿದ್ದಾಗ, ಗೋಡೆಯ ಪಕ್ಕ ಒಂದು ಕುಟುಂಬ ಚಾಪೆ ಸುತ್ತುತ್ತಿತ್ತು. ಅವರಲ್ಲಿ ಒಬ್ಬ ಅಜ್ಜಿ. ಇಲ್ಲಿ ವಯಸ್ಸಾದವರನ್ನು ಗೌರವದಿಂದ "ಗ್ರಾಮೂನ್" ಅನ್ನುತ್ತಾರೆ. ಅಜ್ಜಿ ನನ್ನ ಸೀರೆ ನೋಡಿದರು, ನನ್ನ ಮುಖ ನೋಡಿದರು, ಏನಾಗಿದೆ ಅಂತ ಅರ್ಥವಾಯಿತು. ಆಮೇಲೆ ಕೇಳಿದರು: "ಝೋತ್ ಲಾ ಫಿನಿ ಮಾಂಝೆ?" ಆಗ ನನಗೆ ಫ್ರೆಂಚೇ ಅಷ್ಟಕ್ಕಷ್ಟೆ, ಇಲ್ಲಿಯವರ ಆಡುಮಾತು ಕ್ರಿಯೋಲ್ ಅಂತೂ ಇಲ್ಲವೇ ಇಲ್ಲ. ಆದರೆ ಆ ದನಿ ಗೊತ್ತಾಯಿತು. ನಮ್ಮೂರಲ್ಲಿ ಜಗಲಿ ಮೇಲೆ ಕೂತವರು ದಾರಿಯಲ್ಲಿ ಹೋಗುವವರನ್ನು ಕೇಳುತ್ತಾರಲ್ಲ, "ಊಟ ಆಯ್ತಾ?" ಅಂತ, ಅದೇ ದನಿ. ಆ ಮಾತಿನ ಅರ್ಥವೂ ಅದೇ ಅಂತ ಆಮೇಲೆ ತಿಳಿಯಿತು.

ಅವರ ಅಲ್ಯುಮಿನಿಯಂ ಪಾತ್ರೆಯ ತಳದಲ್ಲಿ ಸ್ವಲ್ಪ ಅರಿಶಿನದ ಅನ್ನ ಅಂಟಿಕೊಂಡಿತ್ತು. ಝಾಂಬ್ರೊಕಾಲ್ ಅಂತ ಅದರ ಹೆಸರು. ಅಕ್ಕಿ, ಕಾಳು, ಅರಿಶಿನ, ಈರುಳ್ಳಿ ಎಲ್ಲಾ ಒಟ್ಟಿಗೆ ಬೇಯಿಸಿದ್ದು. ತಳ ಹಿಡಿದ ಸೀಕಲನ್ನು ಅಜ್ಜಿ ಚಮಚದಲ್ಲಿ ಕೆರೆದು ಕೆರೆದು ಎರಡು ತಟ್ಟೆಗೆ ಹಾಕಿದರು. ಸೀಕಲು ಇಲ್ಲಿಯವರಿಗೂ ಪ್ರೀತಿ, ಮಕ್ಕಳು ಅದಕ್ಕೆ ಜಗಳವಾಡುತ್ತಾರೆ. ಅದನ್ನು ಗುರುತಿಲ್ಲದ ನಮಗೆ ಕೊಟ್ಟರು. ಹೊಟ್ಟೆ ತುಂಬಿತ್ತು, ಆದರೂ ತಿಂದೆವು. ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿದವಳಿಗೆ ಊಟಕ್ಕೆ ಬೇಡ ಅನ್ನುವುದು ಗೊತ್ತಿಲ್ಲ, ಅಲ್ವಾ.

ಕರೆಯದೆ ಹೋದ ಮದುವೆಯಲ್ಲಿ ನನಗೆ ಸಿಕ್ಕ ಮರ್ಯಾದೆ ಅದು.

ಸರಿ, ಈಗ ವ್ಯವಹಾರದ ಮಾತು. ಮೊದಲನೆಯದಾಗಿ, ಬಾಣಬಿರುಸು 14ಕ್ಕೇ ಇರುತ್ತದೆ ಅಂತ ನಂಬಬೇಡಿ. ದ್ವೀಪದಲ್ಲಿ 24 ಪುರಸಭೆಗಳಿವೆ, ಇವಕ್ಕೆ ಇಲ್ಲಿ "ಮೇರಿ" ಅನ್ನುತ್ತಾರೆ. ಪ್ರತಿ ಮೇರಿಯೂ ತನ್ನದೇ ಲೆಕ್ಕ ಹಾಕುತ್ತದೆ. ಕೆಲವು ಕಡೆ 13ರ ಸಂಜೆ, ಕೆಲವು ಕಡೆ 14ರ ಸಂಜೆ. ಕೆಲವು ವರ್ಷ ಕೆಲವು ಊರಲ್ಲಿ ಇರುವುದೇ ಇಲ್ಲ. ಬೇಕರಿ ಬಾಗಿಲಿಗೆ, ಬಸ್ ನಿಲ್ದಾಣಕ್ಕೆ ಪೋಸ್ಟರ್ ಅಂಟಿಸುತ್ತಾರೆ. ಅದನ್ನು ಕಣ್ಣಾರೆ ನೋಡಿ, ಸಮಯ ಬರೆದುಕೊಳ್ಳಿ. ಸ್ವಲ್ಪ ಬುದ್ಧಿವಂತಿಕೆ ಮಾಡಿದರೆ 13ಕ್ಕೆ ಒಂದೂರಲ್ಲಿ, 14ಕ್ಕೆ ಪಕ್ಕದ ಊರಲ್ಲಿ, ಎರಡೆರಡು ಸಲ ನೋಡಬಹುದು. ನಮ್ಮ ಮಗ ಚಿಕ್ಕವನಿದ್ದಾಗ ಹಾಗೇ ಮಾಡಿಸುತ್ತಿದ್ದ.

ಗಾಳಿ ಇನ್ನೊಂದು ವಿಷಯ. ಜುಲೈಯಲ್ಲಿ ಆಗ್ನೇಯದಿಂದ ಗಾಳಿ ಬೀಸುತ್ತದೆ. ನಾವಿರುವ ಸ್ಯಾಂ ಪಿಯೆರ್ ಕಡೆ ಅದು ಸುಮ್ನೆ ಬೀಸುವುದಲ್ಲ, ಟೋಪಿ ಎತ್ತಿಕೊಂಡು ಹೋಗುತ್ತದೆ. ಹೊಗೆ ಯಾವ ಕಡೆಗೆ ಹೋಗುತ್ತದೋ ಆ ಕಡೆ ಕೂತರೆ ಮೊದಲ ಐದು ನಿಮಿಷ ಬಣ್ಣ, ಆಮೇಲೆ ಬರೀ ಹೊಗೆಯೊಳಗಿನ ಸದ್ದು. ಗಾಳಿ ಬರುವ ಕಡೆಯೇ ಚಾಪೆ ಹಾಸಿ. ಮಗಳಿಗೆ ಸ್ವೆಟರ್ ಇರಲಿ. ಉಷ್ಣ ದೇಶ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಜುಲೈ ರಾತ್ರಿ ಸಮುದ್ರದ ದಂಡೆಯಲ್ಲಿ ಬೆಂಗಳೂರಿನ ಡಿಸೆಂಬರ್ ನೆನಪಾಗುತ್ತದೆ.

ಕಾರು ದೂರ ನಿಲ್ಲಿಸಿ ನಡೆಯಿರಿ. ವಾಪಸ್ ಬರುವಾಗ ಒಂದು ಗಂಟೆ ರಸ್ತೆಯಲ್ಲೇ ನಿಲ್ಲುತ್ತೀರಿ, ಅದು ತಪ್ಪಿದ್ದಲ್ಲ. 2,500 ಚದರ ಕಿಲೋಮೀಟರಿನ ದ್ವೀಪ, ನಡುವೆಲ್ಲ 3,070 ಮೀಟರಿನವರೆಗೆ ಏರುವ ಬೆಟ್ಟ, ಜನರೆಲ್ಲ ಅಂಚಿನಲ್ಲಿ. ಇಡೀ ಊರಿಗೆ ಒಂದೇ ರಸ್ತೆ ಇದ್ದ ಹಾಗೆ. ಜೊತೆಗೆ ಆ ಹೊತ್ತಿಗೆ ಕಬ್ಬಿನ ಲಾರಿಗಳೂ ಇಳಿದಿರುತ್ತವೆ. ಇಲ್ಲಿ ಕಟಾವು ಜುಲೈಯಲ್ಲಿ ಶುರುವಾಗಿ ಡಿಸೆಂಬರ್‌ವರೆಗೆ ನಡೆಯುತ್ತದೆ. ಒಂದು ಕಾಲದಲ್ಲಿ ಎಷ್ಟೋ ಕಾರ್ಖಾನೆ ಇದ್ದವು, ಈಗ ಉಳಿದಿರುವುದು ಎರಡೇ, ಬ್ವಾ ರೂಜ್ ಮತ್ತು ಗೋಲ್. ಆ ದೊಡ್ಡ ಲಾರಿಗಳಿಗೆ ಇಲ್ಲಿಯವರು "ಕಾಶಲೋ" ಅಂತ ಹೆಸರಿಟ್ಟಿದ್ದಾರೆ. ಕಾಶಲೋ ಅಂದರೆ ಒಂದು ಜಾತಿಯ ತಿಮಿಂಗಿಲ. ಮುಂದೆ ತಿಮಿಂಗಿಲ ಹೋಗುತ್ತಿದ್ದರೆ ಹಿಂದೆ ಹೋಗುವವರಿಗೆ ತಾಳ್ಮೆ ಬೇಕು. ಹಿಂದಿನಿಂದ ಒಂದು ಜಲ್ಲೆ ಎಳೆದುಕೊಳ್ಳುವ ಹುಡುಗರು ಮಾತ್ರ ಇಲ್ಲಿ ಇಲ್ಲ. ಮಂಡ್ಯದಲ್ಲಿ ಟ್ರ್ಯಾಕ್ಟರ್ ಹಿಂದೆ ಓಡಿದವಳು ನಾನು. ಆ ಒಂದು ಸುಖ ಈ ದೇಶದ ಮಕ್ಕಳಿಗೆ ಗೊತ್ತಿಲ್ಲ.

ನಿಮ್ಮ ಮಗಳಿಗೆ ಬಾಣಬಿರುಸಿಗಿಂತ ಹಿಡಿಸುವುದು ಅದಕ್ಕೆ ಮೊದಲು ನಡೆಯುವ ದೀಪದ ಮೆರವಣಿಗೆ ಅಂತ ನನ್ನ ಅನಿಸಿಕೆ. "ರೆತ್ರೆತ್ ಓ ಫ್ಲಾಂಬೋ" ಅನ್ನುತ್ತಾರೆ. ಮಕ್ಕಳಿಗೆಲ್ಲ ಒಂದೊಂದು ಕೋಲು, ತುದಿಯಲ್ಲಿ ಮಡಿಸಿದ ಬಣ್ಣದ ಕಾಗದದ ಬುಟ್ಟಿ, ಒಳಗೆ ದೀಪ. ಮುಂದೆ ಬ್ಯಾಂಡು, ಹಿಂದೆ ಮಕ್ಕಳ ಸಾಲು, ಅದರ ಹಿಂದೆ ಅಪ್ಪ ಅಮ್ಮಂದಿರ ಕಾವಲು. ಈಗೆಲ್ಲ ಜಾಸ್ತಿ ಬ್ಯಾಟರಿ ದೀಪ ಬಂದಿದೆ. ನಮ್ಮ ಮಗನ ಕಾಲಕ್ಕೆ ಮೇಣದಬತ್ತಿಯೇ.

ಅವನಿಗೆ ಐದು ವರ್ಷ. ಅಲ್ಲಾಡಿಸದೆ ಹಿಡಿ ಅಂತ ನೂರು ಸಲ ಹೇಳಿದ್ದೆ. ಮಕ್ಕಳು ಕೇಳುತ್ತಾರಾ? ಗಾಳಿ ಬೀಸಿತು, ಬತ್ತಿ ವಾಲಿತು, ಕೆಂಪು ಕಾಗದಕ್ಕೆ ಒಂದು ಕಂದು ಚುಕ್ಕೆ ಮೂಡಿತು. ಚುಕ್ಕೆ ತೂತಾಯಿತು, ತೂತಿನ ಅಂಚಿನಲ್ಲಿ ಕಿಡಿ ಓಡಿತು. ನಾನು ಕೂಗುವಷ್ಟರಲ್ಲಿ ಇಡೀ ಬುಟ್ಟಿ ಉರಿದು, ಕೈಯಲ್ಲಿ ಬರೀ ಕೋಲು, ಕೋಲಿನ ತುದಿಯಲ್ಲಿ ಒಂದು ತಂತಿ. ಅಳುವುದಕ್ಕೆ ಬಾಯಿ ತೆರೆದ. ಅಷ್ಟರಲ್ಲಿ ಪಕ್ಕದಲ್ಲಿದ್ದ ಎಂಟು ಹತ್ತು ವರ್ಷದ ಹುಡುಗಿ ತನ್ನದನ್ನು ಅವನ ಕೈಗೆ ಹಾಕಿ, ಅವನ ಸುಟ್ಟ ಕೋಲನ್ನು ತಾನು ತೆಗೆದುಕೊಂಡಳು. ಆ ಸುಟ್ಟ ಕೋಲನ್ನೇ ಬ್ಯಾಂಡ್ ಮಾಸ್ತರರ ಹಾಗೆ ತಿರುಗಿಸುತ್ತಾ ಮೆರವಣಿಗೆಯ ಕೊನೆಯವರೆಗೂ ನಡೆದಳು. ಅವಳ ಹೆಸರು ಕೇಳಲೇ ಇಲ್ಲ ನೋಡಿ. ಇವತ್ತಿಗೂ ಅದೊಂದು ಕೊರಗು.

ಬಾಣಬಿರುಸನ್ನು ಸಾಮಾನ್ಯವಾಗಿ ನೀರಿನ ಅಂಚಿನಿಂದ ಬಿಡುತ್ತಾರೆ. ನನ್ನನ್ನು ಕೇಳಿದರೆ ಸ್ಯಾಂ ಪಿಯೆರ್ ಬಂದರಿನ ಆಚೆಗಿರುವ ತೆರ್ ಸ್ಯಾಂತ್ ಒಳ್ಳೆಯದು. ಬೆಸ್ತರ ಕೇರಿ ಅದು, ಆಲದ ಮರದ ಕೆಳಗೆ ಕೂತು ಡಾಮಿನೋ ಆಡುತ್ತಾರೆ. ಆಲದ ಮರ ನೋಡಿದ ದಿನವೇ ಆ ಜಾಗ ನನಗೆ ನಮ್ಮದು ಅನಿಸಿಬಿಟ್ಟಿತ್ತು. ಅಲ್ಲಿಂದ ಕಾಣುವ ಆಕಾಶ ಅಗಲ, ಜನಜಂಗುಳಿ ಕಡಿಮೆ.

ದೀಪಾವಳಿಯಲ್ಲಿ ನಾವು ಸದ್ದಿಗೆ ಖುಷಿಪಡುವವರು. ಲಕ್ಷ್ಮೀ ಪಟಾಕಿ, ಆಟಂ ಬಾಂಬು, ಕಿವಿ ಮುಚ್ಚಿಕೊಂಡು ನಗುವುದು. ಇಲ್ಲಿಯವರದು ಬೇರೆ ರೀತಿ. ಕೂತು ನೋಡುತ್ತಾರೆ, ಸಂಗೀತ ಹಾಕುತ್ತಾರೆ, ಒಂದೊಂದು ಹೂವು ಬಿರಿದಾಗಲೂ ಬಣ್ಣದ ಹೆಸರು ಕೂಗುತ್ತಾರೆ. "ಓ ಲಾ ಬೆಲ್ ಬ್ಲ!" ಅಂದರೆ ಆಹಾ ನೀಲಿ ಚೆಲುವೆ. "ಓ ಲಾ ಬೆಲ್ ರೂಜ್!" ಕೆಂಪು ಚೆಲುವೆ. ತಮಾಷೆಗೆ ಅಜ್ಜಂದಿರು ಶುರು ಮಾಡುತ್ತಾರೆ, ಮಕ್ಕಳು ಮುಂದುವರಿಸುತ್ತಾರೆ. ನಿಮ್ಮ ಮಗಳಿಗೆ ಮೊದಲು ಬರುವ ಫ್ರೆಂಚ್ ವಾಕ್ಯ ಇದೇ ಆಗಿದ್ದರೆ ಆಶ್ಚರ್ಯವಿಲ್ಲ. ನಮ್ಮ ಮಗ ಒಂದು ವರ್ಷ "ಓ ನೀಲಿ ನೀಲಿ!" ಅಂತ ಕನ್ನಡದಲ್ಲೇ ಕಿರುಚಿದ. ಅಕ್ಕಪಕ್ಕದ ಮಕ್ಕಳೂ ಹಿಂದೆ ಮುಂದೆ ನೋಡದೆ "ನೀಲಿ ನೀಲಿ" ಅಂದವು. ಸಮುದ್ರದ ದಂಡೆ ತುಂಬ ಕನ್ನಡ, ಅರ್ಧ ನಿಮಿಷ!

ಕೊನೆಗೆ ಎಲ್ಲವನ್ನೂ ಒಟ್ಟಿಗೆ ಹಾರಿಸುತ್ತಾರೆ. ಅದಕ್ಕೆ "ಬುಕೆ" ಅನ್ನುತ್ತಾರೆ, ಹೂಗುಚ್ಛ. ಅದು ಮುಗಿದ ಮೇಲೆ ಒಂದು ಕ್ಷಣ ಮೌನ, ಆಮೇಲೆ ಚಪ್ಪಾಳೆ, ಕಾರಿನ ಹಾರನ್. ಆ ಮೌನದಲ್ಲಿ ಕಿವಿಗೊಟ್ಟರೆ ಊರಿನ ನಾಯಿಗಳೆಲ್ಲ ಒಟ್ಟಿಗೆ ಬೊಗಳುವುದು ಕೇಳುತ್ತದೆ. ನಾಯಿ ಸಾಕಿದವರಿಗೆ ಆ ರಾತ್ರಿ ನಿದ್ದೆಯಿಲ್ಲ. ಆಮೇಲೆ "ಬಾಲ್", ಅಂದರೆ ಬೀದಿ ಕುಣಿತ. ಸೆಗಾ ಹಾಡು ಹಾಕಿದರೆ ಎಪ್ಪತ್ತರ ಅಜ್ಜಿಯೂ ಎದ್ದು ಸೊಂಟ ಕುಣಿಸುತ್ತಾರೆ. ನೀವು ಕುಣಿಯದಿದ್ದರೂ ಯಾರೂ ಏನೂ ಅನ್ನುವುದಿಲ್ಲ, ಕುಣಿದರೂ ಏನೂ ಅನ್ನುವುದಿಲ್ಲ.

14ರ ಬೆಳಿಗ್ಗೆ ರಾಜಧಾನಿ ಸ್ಯಾಂ ದೆನಿಯಲ್ಲಿ ಸೈನಿಕರ ಕವಾಯತು. ಒಮ್ಮೆ ನೋಡಿ, ಸಾಕು. ಅಗ್ನಿಶಾಮಕದವರು ಬಂದಾಗ ಬೀಳುವ ಚಪ್ಪಾಳೆ ಬೇರೆ ಯಾರಿಗೂ ಬೀಳುವುದಿಲ್ಲ, ಅದನ್ನು ಗಮನಿಸಿ. ಪ್ಯಾರಿಸ್ಸಿಗಿಂತ ನಾವು ಆ ತಿಂಗಳಲ್ಲಿ ಎರಡು ಗಂಟೆ ಮುಂದೆ. ಹಾಗಾಗಿ ಇಲ್ಲಿಯದನ್ನು ಮುಗಿಸಿಕೊಂಡು ಬಂದು ಮಧ್ಯಾಹ್ನದ ಊಟದ ಹೊತ್ತಿಗೆ ಪ್ಯಾರಿಸ್ಸಿನ ಕವಾಯತನ್ನು ಟಿವಿಯಲ್ಲಿ ನೋಡುತ್ತಾರೆ. 2023ರಲ್ಲಿ ನಮ್ಮ ಪ್ರಧಾನಿ ಅಲ್ಲಿ ಮುಖ್ಯ ಅತಿಥಿ, ನಮ್ಮ ಮೂರೂ ಪಡೆಯವರು ಷಾಂಜೆಲಿಜೆಯಲ್ಲಿ ಹೆಜ್ಜೆ ಹಾಕಿದರು. ನಾನು ಪಕ್ಕದ ಮನೆಯಲ್ಲಿ ಕೂತು ನೋಡುತ್ತಿದ್ದೆ. ಆ ಮನೆಯಾಕೆ ಟಿವಿ ಕಡೆ ಕೈ ತೋರಿಸಿ "ನಿಮ್ಮವರಾ?" ಅಂದರು. ಹೌದು ಅಂದೆ. ಎದ್ದು ಟಿವಿಯ ಸದ್ದು ಜಾಸ್ತಿ ಮಾಡಿದರು. ಅದಕ್ಕೂ ಮೊದಲು 2009ರಲ್ಲಿ ಬೆಳಗಾವಿಯಲ್ಲಿ ಕೇಂದ್ರವಿರುವ ಮರಾಠಾ ಲಘು ಪದಾತಿ ದಳದವರು ಅದೇ ರಸ್ತೆಯಲ್ಲಿ ನಡೆದಿದ್ದರು. ಆ ಮಾತನ್ನೂ ಹೇಳಿದೆ. ಹೇಳದೆ ಬಿಡುತ್ತೇನಾ?

ಈ ಹಬ್ಬಕ್ಕೂ ನಮಗೂ ಏನು ಸಂಬಂಧ ಅಂತ ಯಾರಾದರೂ ಕೇಳಿದರೆ ನಾನು ಶ್ರೀರಂಗಪಟ್ಟಣದ ಕಥೆ ತೆಗೆಯುತ್ತೇನೆ. 1789ರ ಜುಲೈ 14ಕ್ಕೆ ಪ್ಯಾರಿಸ್ಸಿನ ಜನ ಬ್ಯಾಸ್ಟಿಲ್ ಕೋಟೆಗೆ ನುಗ್ಗಿದರು. ಎಂಟು ವರ್ಷ ಕಳೆಯುವಷ್ಟರಲ್ಲಿ, 1797ರಲ್ಲಿ, ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚರು ಶ್ರೀರಂಗಪಟ್ಟಣದಲ್ಲಿ ಕ್ರಾಂತಿಯ ಬಾವುಟ ಹಾರಿಸಿ, ಸ್ವಾತಂತ್ರ್ಯದ ಮರ ಅಂತ ಒಂದನ್ನು ನೆಟ್ಟು, ಸುಲ್ತಾನನನ್ನೇ "ಪ್ರಜೆ ಟಿಪ್ಪು" ಅಂದರಂತೆ. ವಿವರಗಳ ಬಗ್ಗೆ ಇತಿಹಾಸಕಾರರಲ್ಲಿ ಜಗಳವಿದೆ, ಇರಲಿ. ಸಹಾಯ ಕೇಳಿ ಟಿಪ್ಪು ಕಳಿಸಿದ್ದ ದೂತರು ಮರು ವರ್ಷ ನಮ್ಮ ಪಕ್ಕದ ಮಾರಿಷಸ್‌ಗೆ ಬಂದಿಳಿದರು. ಅಲ್ಲಿಯ ಗವರ್ನರ್ ಊರಿಗೆಲ್ಲ ಡಂಗುರ ಹೊಡೆಸಿದ. ಕೊನೆಗೆ ಮಂಗಳೂರಿಗೆ ಬಂದು ಇಳಿದವರು ನೂರು ಮಂದಿಯೂ ಇಲ್ಲ. ಸಹಾಯವಂತೂ ಆಗಲಿಲ್ಲ, ಇಂಗ್ಲಿಷರಿಗೆ ಯುದ್ಧಕ್ಕೆ ನೆಪ ಸಿಕ್ಕಿತು. ಇನ್ನು ಬಾಣದ ಮಾತು ಬಂದರೆ ಕೇಳಲೇಬೇಡಿ. ಕಬ್ಬಿಣದ ಕೊಳವೆಯ ಮೈಸೂರು ರಾಕೆಟ್ ನೋಡಿಯೇ ಇಂಗ್ಲಿಷರು ತಮ್ಮದನ್ನು ಮಾಡಿಕೊಂಡರು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಅನ್ನುವ ಊರಲ್ಲಿ ಒಂದು ಬಾವಿಯಿಂದ ಸಾವಿರಕ್ಕೂ ಹೆಚ್ಚು ರಾಕೆಟ್ ತೆಗೆದರಲ್ಲ. ಇದನ್ನೆಲ್ಲ ಹೇಳಿದಾಗ ಇಲ್ಲಿಯವರು ಇನ್ನೊಂದು ಸಮೋಸ ಕೊಟ್ಟು ನನ್ನ ಬಾಯಿ ಮುಚ್ಚಿಸುತ್ತಾರೆ.

ಈಗ ಸ್ವಲ್ಪ ಗಂಭೀರ ಮಾತು. ಜುಲೈ 14 ನೋಡಿ ಈ ದ್ವೀಪ ಅರ್ಥವಾಯಿತು ಅಂದುಕೊಳ್ಳಬೇಡಿ. ದ್ವೀಪದ ಹೆಸರೇ ಆ ಕ್ರಾಂತಿಯ ಕೂಸು, ನಿಜ. ರಾಜವಂಶದ ಹೆಸರಿನಲ್ಲಿ ಬೂರ್ಬೋಂ ಅಂತಿದ್ದದ್ದನ್ನು 1793ರಲ್ಲಿ ರಿಯೂನಿಯನ್ ಅಂತ ಬದಲಿಸಿದರು. ಆದರೆ ಮರು ವರ್ಷ, 1794ರಲ್ಲಿ, ಗುಲಾಮಗಿರಿ ರದ್ದು ಅಂತ ಪ್ಯಾರಿಸ್ಸಿನಲ್ಲಿ ಆದೇಶ ಹೊರಟಾಗ ಇಲ್ಲಿಯ ತೋಟದ ಯಜಮಾನರು ಅದನ್ನು ಜಾರಿಗೆ ಬರಲು ಬಿಡಲೇ ಇಲ್ಲ. ಸ್ವಾತಂತ್ರ್ಯ, ಸಮಾನತೆ, ಸೋದರತೆ ಅಂತ ಕೂಗಿದವರ ರಾಜ್ಯದಲ್ಲೇ ಜನ ಇನ್ನೂ ಅರ್ಧ ಶತಮಾನ ಗುಲಾಮರಾಗಿ ಕಬ್ಬು, ಕಾಫಿ ತೋಟದಲ್ಲಿ ದುಡಿದರು. ಕೊನೆಗೆ 1848ರ ಡಿಸೆಂಬರ್ 20ರಂದು ಸಾರ್ದಾ ಗಾರಿಗಾ ಅನ್ನುವ ಅಧಿಕಾರಿ ಬಂದು ಬಿಡುಗಡೆ ಸಾರಿದ. 60,000ಕ್ಕೂ ಹೆಚ್ಚು ಜನ ಒಂದೇ ದಿನ ಸ್ವತಂತ್ರರಾದರು.

ಹಾಗಾಗಿ ಇಲ್ಲಿಯವರ ಮನಸ್ಸಿನ ಹಬ್ಬ ಡಿಸೆಂಬರ್ 20. "ಫೆಟ್ ಕಾಫ್" ಅನ್ನುತ್ತಾರೆ. ಫ್ರಾನ್ಸಿನ ಹೆಚ್ಚಿನ ಕಡೆ ವರ್ಷಕ್ಕೆ ಹನ್ನೊಂದು ಸಾರ್ವಜನಿಕ ರಜೆ, ನಮಗೆ ಇದೊಂದು ಸೇರಿ ಹನ್ನೆರಡು. ಆ ರಾತ್ರಿ ಬೆಂಕಿ ಹಾಕಿಕೊಂಡು ಮಲೋಯಾ ಹಾಡುತ್ತಾರೆ. ಗುಲಾಮರ ಹಾಡು ಅದು, ಬಹಳ ಕಾಲ ಸರ್ಕಾರದವರಿಗೆ ಕಂಡರಾಗುತ್ತಿರಲಿಲ್ಲ. 2009ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಕಬ್ಬಿನ ಸೂಲಂಗಿಯ ದಂಟುಗಳನ್ನು ಚಪ್ಪಟೆಯಾಗಿ ಕಟ್ಟಿ ಒಳಗೆ ಬೀಜ ತುಂಬಿದ ಕಯಾಂಬ್ ಅನ್ನುವ ವಾದ್ಯ ಇದೆ. ಅಲ್ಲಾಡಿಸಿದರೆ ಮೊರದಲ್ಲಿ ರಾಗಿ ಕೇರಿದ ಸದ್ದು. ಮೊದಲ ಸಲ ಕೇಳಿದಾಗ ನನಗೆ ಅಮ್ಮನ ನೆನಪಾಗಿ ಕಣ್ಣು ತುಂಬಿತ್ತು. ಜುಲೈ 14ರಂದು ಚಪ್ಪಾಳೆ ತಟ್ಟುವ ಜನರನ್ನೇ ಡಿಸೆಂಬರ್ 20ರಂದು ನೋಡಿ, ಮುಖವೇ ಬೇರೆ ಇರುತ್ತದೆ. ಎರಡಕ್ಕೂ ಹೋಗಿ. ಡಿಸೆಂಬರ್‌ನಲ್ಲಿ ನಮ್ಮೂರ ಮೇ ತಿಂಗಳ ಗುಲ್‌ಮೊಹರ್ ಇಲ್ಲಿ ಕೆಂಪಗೆ ಉರಿಯುತ್ತಿರುತ್ತದೆ, ಲಿಚಿ ಹಣ್ಣು ರಸ್ತೆ ಬದಿಯಲ್ಲಿ ರಾಶಿ ಬಿದ್ದಿರುತ್ತದೆ.

ಗುಲಾಮರು ಹೋದ ಮೇಲೆ ಕಬ್ಬಿಗೆ ಕೈ ಬೇಕಲ್ಲ. ಆಗ ಒಪ್ಪಂದದ ಕೂಲಿಗಳಾಗಿ ಬಂದವರಲ್ಲಿ ಹೆಚ್ಚಿನವರು ತಮಿಳು ನಾಡಿನ ಕಡೆಯವರು. ಅವರ ಮೊಮ್ಮಕ್ಕಳ ಮಕ್ಕಳಿಗೆ ಇಲ್ಲಿ "ಮಲ್ಬಾರ್" ಅನ್ನುತ್ತಾರೆ. ಅಂಚೆ ಡಬ್ಬಿಯ ಮೇಲೆ ರಾಮಸಾಮಿ ಅಂತ ಹೆಸರು ನೋಡಿ ನೀವು ಓಡಿಹೋಗಿ ತಮಿಳಿನಲ್ಲಿ ಮಾತಾಡಿಸಿದರೆ ಅವರು ಕಣ್ಣು ಪಿಳಿಪಿಳಿ ಬಿಡುತ್ತಾರೆ. ಮಾತು ಹೋಗಿದೆ, ಕ್ರಿಯೋಲ್ ಬಂದಿದೆ. ಉಳಿದಿರುವುದು ದೇವರು ಮತ್ತು ಅಡುಗೆಮನೆ. ಹೀರೇಕಾಯಿಗೆ ಪಿಪಂಗಾಯ್, ನುಗ್ಗೆ ಸೊಪ್ಪಿಗೆ ಬ್ರೆದ್ ಮುರೂಮ್, ಕರಿಬೇವಿಗೆ ಕಾಲುಪಿಲೆ. ಕುಟ್ಟುವ ಕಲ್ಲಿಗೆ ಕಾಲೂ ಅನ್ನುತ್ತಾರೆ, ನಮ್ಮ ಕಲ್ಲೇ ಅಲ್ವಾ ಅದು! ದೀಪಾವಳಿಗೆ ಸ್ಯಾಂತ್ ಆಂದ್ರೆಯಲ್ಲಿ ದೊಡ್ಡ ಮೆರವಣಿಗೆ, ನೋಡಲು ಎಲ್ಲ ಜಾತಿ ಎಲ್ಲ ಬಣ್ಣದ ಜನ ಬರುತ್ತಾರೆ. ನಿಮ್ಮನ್ನೂ ಎಲ್ಲರೂ ಮಲ್ಬಾರ್ ಅಂದುಕೊಳ್ಳುತ್ತಾರೆ. ಮೊದಲ ವರ್ಷ ನಾನು "ಅಲ್ಲ, ನಾವು ಕರ್ನಾಟಕ" ಅಂತ ನಕ್ಷೆ ಬಿಡಿಸಿ ತೋರಿಸುತ್ತಿದ್ದೆ. ಈಗ ಬಿಟ್ಟಿದ್ದೇನೆ.

ಒಂದು ಎಚ್ಚರಿಕೆ. ಜುಲೈ 14ಕ್ಕೆ ನೀವೇ ಪಟಾಕಿ ಹೊಡೆಯುವ ಆಸೆ ಬೇಡ. ಆ ದಿನಗಳಲ್ಲಿ ಮಾರುವುದಕ್ಕೂ ಹೊಡೆಯುವುದಕ್ಕೂ ನಿಷೇಧ ಹಾಕುವುದುಂಟು, ದಂಡ ಬೀಳುತ್ತದೆ. ಕೈ ತುರಿಸುತ್ತಿದ್ದರೆ ಡಿಸೆಂಬರ್ 31ರವರೆಗೆ ಕಾಯಿರಿ. ಆ ರಾತ್ರಿ ಇಲ್ಲಿಯ ಜನ ಕೆಂಪು ಪಟಾಕಿ ಸರ ಕಟ್ಟಿ ಹೊಡೆಯುವುದನ್ನು ನೋಡಿದರೆ ನಿಮ್ಮ ದಾವಣಗೆರೆಯೂ ನಾಚಬೇಕು. 14ರಂದು ಅಂಗಡಿ ಬಹುತೇಕ ಮುಚ್ಚಿರುತ್ತದೆ, ಹಾಲು ಬ್ರೆಡ್ಡು ಹಿಂದಿನ ದಿನವೇ ತಂದಿಡಿ. ಹಬ್ಬ ಮಂಗಳವಾರವೋ ಗುರುವಾರವೋ ಬಂದರೆ ನಡುವಿನ ದಿನವನ್ನೂ ರಜೆ ಹಾಕಿ "ಸೇತುವೆ ಕಟ್ಟುತ್ತಾರೆ", ಅವತ್ತು ಕಚೇರಿಗೆ ಹೋಗಿ ಕಾಗದಪತ್ರ ಮಾಡಿಸುವ ಆಸೆಯನ್ನೂ ಬಿಟ್ಟುಬಿಡಿ. ಮಗಳ ಶಾಲೆಯ ಬಗ್ಗೆ ಅವಸರ ಬೇಡ, ಆಗಸ್ಟ್ ಮಧ್ಯದಲ್ಲಿ ಶುರು.

ಒಂಟಿತನದ ಬಗ್ಗೆ ನೀವು ನೇರವಾಗಿ ಕೇಳಲಿಲ್ಲ, ಆದರೆ ಪತ್ರದ ಸಾಲುಗಳ ನಡುವೆ ಇತ್ತು. ಇರುತ್ತದೆ. ಇಲ್ಲ ಅಂತ ಸುಳ್ಳು ಹೇಳುವುದಿಲ್ಲ. ಕನ್ನಡದವರನ್ನು ಇಲ್ಲಿ ಬೆರಳಲ್ಲಿ ಎಣಿಸಬಹುದು. ಯುಗಾದಿ ದಿನ ಬೇವು ಸಿಗುವುದೇ ಕಷ್ಟ, ಆ ದಿನ ಮಧ್ಯಾಹ್ನ ಮನೆ ಬಹಳ ದೊಡ್ಡದಾಗಿ ಕಾಣುತ್ತದೆ. ಊರಿಗಿಂತ ಒಂದೂವರೆ ಗಂಟೆ ಹಿಂದೆ ಇದ್ದೇವೆ, ಫೋನ್ ಮಾಡಲು ಅದೊಂದು ಅನುಕೂಲ. ಆದರೆ ಜುಲೈ 14ರಂಥ ದಿನ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿರಬೇಡಿ. ಇಲ್ಲಿಯವರಿಗೆ ಹಬ್ಬ ಅಂದರೆ ಬಯಲಲ್ಲಿ ಊಟ. ಬೆಳಿಗ್ಗೆಯೇ ಯಾರಾದರೂ ಹೋಗಿ ಮರದ ಕೆಳಗೆ ಜಾಗ ಹಿಡಿಯುತ್ತಾರೆ. ಪಾತ್ರೆ, ಸೌದೆ, ಚಾಪೆ, ಅಜ್ಜಿಯ ಕುರ್ಚಿ, ಎಲ್ಲಾ ಬರುತ್ತದೆ. "ಕಾರಿ" ಅನ್ನುವ ಮಾಂಸದ ಸಾರು, ಅನ್ನ, ಕಾಳು, ಜಜ್ಜಿದ ಟೊಮೆಟೊ ಮೆಣಸಿನಕಾಯಿ ಚಟ್ನಿ. ಮಾಂಸ ತಿನ್ನದವರಾದರೆ ಸಿಲಾವೋಸ್ ಬೆಟ್ಟದ ಸಣ್ಣ ಬೇಳೆ ಇದೆ, ಸೊಪ್ಪಿನ ಪಲ್ಯ ಇದೆ, ತರಕಾರಿ "ಅಶಾರ್" ಇದೆ. ಬೋಂಬೋಂ ಪಿಮಾಂ ಅಂತ ಒಂದು ಕರಿದ ತಿಂಡಿ, ಕಚ್ಚಿ ನೋಡಿದರೆ ಅಂಬೊಡೆಯ ದಾಯಾದಿ. ಮದ್ದೂರು ವಡೆಯ ಮುಂದೆ ನಿಲ್ಲುವುದಿಲ್ಲ, ಅದು ಬೇರೆ ಮಾತು.

ಮೊದಲ ವರ್ಷ ಸೀಕಲು ತಿನ್ನಿಸಿದ ಆ ಅಜ್ಜಿಗೆ ಮರು ವರ್ಷ ನಾನು ಒಂದು ಡಬ್ಬಿ ಚಿತ್ರಾನ್ನ ಒಯ್ದೆ. ಅದೇ ಗೋಡೆ, ಅದೇ ಚಾಪೆ. ಅಜ್ಜಿ ಮುಚ್ಚಳ ತೆಗೆದು ಮೂಸಿ ನೋಡಿ, "ಇದೂ ಝಾಂಬ್ರೊಕಾಲೇ, ಕಾಳು ಹಾಕಲು ಮರೆತಿದ್ದೀಯ" ಅಂದರು. ಕಡ್ಲೆಬೀಜ ತೋರಿಸಿ ವಾದ ಮಾಡಿದೆ. ಒಪ್ಪಲಿಲ್ಲ. ಎರಡು ಸಲ ಹಾಕಿಸಿಕೊಂಡರು. ಅಂದಿನಿಂದ ಅದಕ್ಕೆ "ಝಾಂಬ್ರೊಕಾಲ್ ಮಂಡ್ಯ" ಅಂತ ಹೆಸರು, ಅವರ ಮೊಮ್ಮಕ್ಕಳೂ ಹಾಗೇ ಕರೆಯುತ್ತಾರೆ. ಕಳೆದ ವರ್ಷ ಮಂಡಿ ನೋವು ಅಂತ ಅಜ್ಜಿ ಬರಲಿಲ್ಲ. ಡಬ್ಬಿ ಮಾತ್ರ ಕಳಿಸಿದ್ದರು, ತುಂಬಿಸಿ ಕೊಡಲಿ ಅಂತ.

ಈ ಸಲ ಬರುತ್ತೇನೆ ಅಂದಿದ್ದಾರೆ. ನಮ್ಮ ಊರಲ್ಲಿ ಯಾವ ದಿನ ಅಂತ ಪೋಸ್ಟರ್ ಬಿದ್ದ ತಕ್ಷಣ ತಿಳಿಸುತ್ತೇನೆ. ಸಂಜೆ ಐದಕ್ಕೆಲ್ಲ ಬಂದುಬಿಡಿ, ಗೋಡೆಯ ಪಕ್ಕ ಜಾಗ ಹಿಡಿದಿರುತ್ತೇವೆ. ಒಗ್ಗರಣೆಗೆ ಕರಿಬೇವು ನಮ್ಮ ಹಿತ್ತಲಲ್ಲೇ ಇದೆ, ನಿಂಬೆಹಣ್ಣೂ ನಾನೇ ತರುತ್ತೇನೆ. ಅನ್ನ ಉದುರುದುರಾಗಿ ನೀವು ಮಾಡಿಕೊಂಡು ಬನ್ನಿ. ಮತ್ತೆ ಕಡ್ಲೆಬೀಜ ಸ್ವಲ್ಪ ಜಾಸ್ತಿಯೇ ಇರಲಿ, ಅಜ್ಜಿಯ ಜೊತೆ ವಾದ ಇನ್ನೂ ಮುಗಿದಿಲ್ಲ.